ಪಾತ್ರಕ್ಕೋಸ್ಕರ ಸರ ಅಡ ಇಟ್ಟಿದಾರೆ ಮೇಡಂ, ಜಾತಕ ನೋಡ್ದೆ ಮದುವೆ ಆಗಿದ್ದೇ ತಪ್ಪಾಯ್ತಾ?

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಗುಬ್ಬಿ ತಾಲ್ಲೂಕು, ನಂಗೆ 32 ವರ್ಷ, ಗಾರ್ಮೆಂಟ್ಸಲ್ಲಿ ಟೈಲರ್. ನಮ್ಮ ಯಜಮಾನ್ರು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ಕಾಂಟ್ರ್ಯಾಕ್ಟ್ ಮೇಲೆ. ಒಂಬತ್ತು ವರ್ಷದ ಹಿಂದೆ ಇಷ್ಟಪಟ್ಟು ಮದುವೆ ಆದ್ವಿ, ಜಾತಿ ಬೇರೆ, ಎರಡೂ ಮನೇಲಿ ಒಪ್ಲಿಲ್ಲ, ಜಾತಕ ಯಾರೂ ನೋಡ್ಲಿಲ್ಲ. ಏಳು ವರ್ಷದ ಮಗಳಿದಾಳೆ. ಎರಡು ವರ್ಷದಿಂದ ಅವರಿಗೆ ನಾಟಕದ ಹುಚ್ಚು. ಹೋದ ವರ್ಷ ಭೀಮ ಮಾಡಿದ್ರು, ಈ ವರ್ಷ ಊರ ಜಾತ್ರೇಲಿ ಕುರುಕ್ಷೇತ್ರ, ದುರ್ಯೋಧನ. ಪಾತ್ರಕ್ಕೇ 45 ಸಾವಿರ, ಆಮೇಲೆ ಫ್ಲೆಕ್ಸು, ಹಾರ, ನೆಂಟರಿಗೆ ಊಟ ಅಂತ ಎಲ್ಲಾ ಸೇರಿ ಲಕ್ಷದ ಹತ್ರ ಹೋಗಿದೆ. ನಮ್ಮಮ್ಮ ಕೊಟ್ಟಿದ್ದ 28 ಗ್ರಾಂ ಸರ ನನ್ನ ಕೇಳ್ದೇನೇ ಅಡ ಇಟ್ಟಿದಾರೆ, ತಂಗಿ ಮಗೂನ ನಾಮಕರಣಕ್ಕೆ ಅಂತ ಬೀರು ತೆಗೆದಾಗ ಡಬ್ಬಿ ಇತ್ತು, ಸರ ಇರ್ಲಿಲ್ಲ. ಕೇಳಿದ್ರೆ ದೇವರಿಗೆ ಹರಕೆ ಹೊತ್ತಿದೀನಿ ನಿಂಗರ್ಥ ಆಗಲ್ಲ ಅಂತಾರೆ. ನಮ್ಮತ್ತೆ ಶಾಸ್ತ್ರ ಕೇಳ್ಸಿದ್ರು, ನಾಡಿದೋಷ ಇದೆ, ಶಾಂತಿ ಮಾಡಿಸ್ದಿದ್ರೆ ಗಂಡ ಹೆಂಡ್ತಿ ಬೇರೆ ಆಗ್ತಾರೆ, 25 ಸಾವಿರ ಆಗುತ್ತೆ ಅಂದ್ರಂತೆ. ನಾಟಕದಲ್ಲಿ ದುರ್ಯೋಧನನ ಹೆಂಡ್ತಿ ಭಾನುಮತಿ ಪಾತ್ರ ಮಾಡಿದ ಹೆಂಗಸಿನ ಜೊತೆ ಫೋಟೋ ತೆಗ್ಸಿ ಸ್ಟೇಟಸ್ ಹಾಕೋತಾರೆ, ಅದನ್ನ ನೋಡಿ ಗಾರ್ಮೆಂಟ್ಸಲ್ಲಿ ಎಲ್ಲಾ ಕೇಳ್ತಾರೆ. ಜಾತಕ ನೋಡ್ದೆ ಆಗಿದ್ದು ತಪ್ಪಾಯ್ತಾ? ನಾಟಕ ಬಿಡ್ತೀನಿ ಅಂತ ಮನೆದೇವರ ಮುಂದೆ ಆಣೆ ಮಾಡಿಸ್ಲಾ? ಇಲ್ಲ ಡೈವೋರ್ಸ್‌ಗೆ ಹಾಕ್ಲಾ?

ಉತ್ತರ: ನಿಮ್ಮ ಕಾಗದಾನ ಮೂರು ಸಲ ಓದಿದೆ ತಾಯಿ. ಪ್ರಶ್ನೆ ಹಲವಾರು ಕೇಳಿದೀರಿ, ಜಾತಕ, ನಾಟಕ, ಭಾನುಮತಿ, ಆಣೆ, ಡೈವೋರ್ಸು, ಆದ್ರೆ ನಂಗೆ ಕಾಗದದ ತುಂಬಾ ಕಂಡಿದ್ದು ಒಂದೇ ಮಾತು, "ಡಬ್ಬಿ ಇತ್ತು, ಸರ ಇರ್ಲಿಲ್ಲ". ದುಡ್ಡು ಹೋಗಿದ್ದಕ್ಕಿಂತ ನಿಮ್ಮನ್ನ ಕೇಳ್ದೆ ಹೋಗಿದ್ದು ನಿಮಗೆ ಹೆಚ್ಚು ನೋವಾಗಿದೆ, ಎರಡು ಮನೇನೂ ಎದುರು ಹಾಕ್ಕೊಂಡು ಕೈ ಹಿಡಿದೋನು ಬೀರು ಬೀಗ ತೆಗೆಯೋವಾಗ ನನ್ನ ಮುಖ ನೆನಪು ಮಾಡ್ಕೊಳ್ಳಿಲ್ವಲ್ಲ ಅನ್ನೋದು. ಇದು ನಾನು ತಪ್ಪು ತಿಳ್ಕೊಂಡಿದ್ರೆ ಹೇಳಿ, ಇಲ್ಲಾಂದ್ರೆ ಈ ಉತ್ತರ ಪೂರ್ತಿ ಆ ಒಂದು ಮಾತಿಗೇ ಅಂತ ತಿಳ್ಕೊಳ್ಳಿ.

ಮೊದಲು ಜಾತಕದ್ದು ಮುಗಿಸ್ಬಿಡೋಣ, ಯಾಕಂದ್ರೆ ಅದು ನಿಮ್ಮನ್ನ ರಾತ್ರಿ ನಿದ್ದೆ ಮಾಡಕ್ಕೆ ಬಿಡ್ತಿಲ್ಲ. ಗಂಡು ಹೆಣ್ಣಿನ ಜಾತಕ ಕೂಡಿಸೋ ಲೆಕ್ಕದಲ್ಲಿ ಒಟ್ಟು 36 ಗುಣ, ಅದ್ರಲ್ಲಿ ನಾಡಿಗೇ 8, ಎಲ್ಲಕ್ಕಿಂತ ಜಾಸ್ತಿ, ಅದಕ್ಕೇ ಆ ಹೆಸರು ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಆದ್ರೆ ಲೆಕ್ಕ ಹೆಂಗಿದೆ ನೋಡಿ. ನಕ್ಷತ್ರ 27, ಅದನ್ನ ಆದಿ, ಮಧ್ಯ, ಅಂತ್ಯ ಅಂತ ಮೂರು ನಾಡಿ ಮಾಡಿ ಒಂದೊಂದಕ್ಕೆ ಒಂಬತ್ತು ಹಂಚಿದಾರೆ, ಗಂಡು ಹೆಣ್ಣು ಇಬ್ಬರದೂ ಒಂದೇ ನಾಡಿ ಆದ್ರೆ ದೋಷ. ಅಂದ್ರೆ ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ನಿಂತಿರೋ ಯಾರೋ ಇಬ್ಬರನ್ನ ಕರ್ಕೊಂಡು ಬಂದು ಕೂಡಿಸಿದ್ರೂ ಹೆಚ್ಚೂ ಕಮ್ಮಿ ಮೂರರಲ್ಲಿ ಒಂದು ಸಲ ನಾಡಿದೋಷ ಬಂದೇ ಬರುತ್ತೆ. ನಮ್ಮ ಜಿಲ್ಲೇಲಿ ಜಾತಕ ನೋಡ್ದೆ ಆಗಿರೋ ಮದುವೆಗಳಲ್ಲೂ ಅದೇ ಲೆಕ್ಕ, ಆ ಸಂಸಾರಗಳೆಲ್ಲಾ ಮುರಿದು ಬಿದ್ದಿದಾವಾ? ತುಮಕೂರಲ್ಲಿ 21 ವರ್ಷದಿಂದ ನಾನು ಗಂಡ ಹೆಂಡ್ತಿ ಜಗಳ ಕೇಳ್ತಾ ಕೂತಿದೀನಿ, ನನ್ನ ಮುಂದೆ ಬಂದು ಅತ್ತವರಲ್ಲಿ ಜಾತಕ ಕೂಡಿಸಿ ಮದುವೆ ಆದೋರೇ ಜಾಸ್ತಿ, ಯಾಕಂದ್ರೆ ನಮ್ಮ ಕಡೆ ಹೆಚ್ಚು ಮದುವೆ ಆಗೋದೇ ಹಂಗೆ. ಅದ್ರಿಂದ ಜಾತಕ ಕೆಟ್ಟದು ಅಂತ ನಾನು ಹೇಳಲ್ಲ, ಅದು ಜಗಳ ತಪ್ಪಿಸಲ್ಲ ಅಂತಷ್ಟೇ ಹೇಳ್ತೀನಿ. ಅತ್ತೆಯವರಿಗೆ ನಂಬಿಕೆ ಇದ್ರೆ ಮನೆದೇವರಿಗೆ ಒಂದು ಕಾಯಿ ಒಡೆಸಿ ಅರ್ಚನೆ ಮಾಡಿಸ್ಲಿ, ಗೊರವನಹಳ್ಳಿಗೆ ಹೋಗಿ ಲಕ್ಷ್ಮೀಗೆ ಕೈ ಮುಗಿದು ಬರ್ಲಿ, ನೀವೂ ಜೊತೇಲಿ ಹೋಗಿ, ಅವರ ಮನಸ್ಸಿಗೆ ಸಮಾಧಾನ ಆಗುತ್ತೆ. ಆದ್ರೆ ಸರ ಅಡದಲ್ಲಿರೋವಾಗ ಇನ್ನೊಂದು 25 ಸಾವಿರ ಸಾಲ ಮಾಡಿ ಶಾಂತಿ ಮಾಡಿಸಬೇಡಿ, ದಯವಿಟ್ಟು.

ಇನ್ನು ನಾಟಕ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಇದು ನಂಗೆ ಮನೆ ವಿಷಯ. ನಮ್ಮಪ್ಪ ಕರ್ಣನ ಪಾತ್ರ ಮಾಡ್ತಿದ್ರು.

ನಿಮ್ಮ ಕಾಗದದಲ್ಲಿ ನಾಟಕದ ಹುಚ್ಚು ಅಂತ ಬರೆದಿದೀರಿ, ಊರಲ್ಲೂ ಜನ ಹಂಗೇ ಅಂತಾರೆ, ನಾಟಕ ಕಟ್ಟಿಕೊಂಡೋನ ಸಂಸಾರ ಉದ್ಧಾರ ಆಗಲ್ಲ ಅಂತ. ಇದು ಅರ್ಧ ಮಾತ್ರ ನಿಜ. ನಿಮ್ಮ ತಾಲ್ಲೂಕಲ್ಲೇ 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಎಷ್ಟು ಸಂಸಾರಕ್ಕೆ ಅನ್ನ ಹಾಕಿತು ಅಂತ ನಿಮಗೂ ಗೊತ್ತಿರುತ್ತೆ, ಅದನ್ನ ನಡೆಸಿದ ಗುಬ್ಬಿ ವೀರಣ್ಣನವರ ಹತ್ರ ಇದ್ದು ಬಣ್ಣ ಹಚ್ಚಿದೋರೇ ಮುಂದೆ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಆಗಿದ್ದು. ಅಲ್ಲಿ ನಾಟಕ ಅಂದ್ರೆ ಕೆಲಸ, ಪಾತ್ರ ಮಾಡಿದೋನಿಗೆ ಸಂಬಳ. ಈಗ ನಮ್ಮ ಹಳ್ಳಿಗಳಲ್ಲಿ ನಡೆಯೋದು ಉಲ್ಟಾ, ಪಾತ್ರ ಮಾಡೋನೇ ದುಡ್ಡು ಕೊಡಬೇಕು. ಹಾರ್ಮೋನಿಯಂ ಮಾಸ್ಟರಿಗೆ ಎರಡು ಮೂರು ತಿಂಗಳ ಸಂಬಳ, ಸೀನರಿ, ಡ್ರೆಸ್ಸು, ಮೈಕು, ಲೈಟು, ಸ್ತ್ರೀಪಾತ್ರದೋರಿಗೆ ಕೊಡೋದು, ಇಷ್ಟೂ ಖರ್ಚನ್ನ ಪಾತ್ರದ ಮೇಲೆ ಹಂಚ್ತಾರೆ, ಕೃಷ್ಣ, ದುರ್ಯೋಧನ, ಭೀಮ, ಕರ್ಣ ಇಂಥವಕ್ಕೆ ಹಾಡೂ ಜಾಸ್ತಿ ರೇಟೂ ಜಾಸ್ತಿ, ವಿದುರ, ಸಾತ್ಯಕಿ ಇಂಥವಕ್ಕೆ ಕಮ್ಮಿ. ಅಂದ್ರೆ ಅದು ಮಗಳ ಹುಟ್ಟುಹಬ್ಬ ಮಾಡಿದಂಗೆ, ಮನೆಗೆ ಬಣ್ಣ ಹೊಡೆಸಿದಂಗೆ ಒಂದು ಖರ್ಚು. ಖರ್ಚು ಅಂತ ಒಪ್ಪಿಕೊಂಡ ಮೇಲೆ ಎಷ್ಟು ಅಂತ ಕೂತು ಮಾತಾಡಬಹುದು. ನಿಮ್ಮ ಮನೇಲಿ ಕಷ್ಟ ಆಗಿರೋದು ಎಲ್ಲಿ ಅಂದ್ರೆ ಅವರು ಅದನ್ನ ದೇವರ ಕೆಲಸ ಅಂತಾರೆ, ನೀವು ಹುಚ್ಚು ಅಂತೀರಿ, ಖರ್ಚು ಅಂತ ಇಬ್ಬರೂ ಒಂದಿನಾನೂ ಕರೀಲಿಲ್ಲ.

ನಮ್ಮಪ್ಪನಿಗೂ ಇಷ್ಟೇ ಆಸೆ ಇತ್ತು. ಅವರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮಮ್ಮನ್ನ ಕರೆದು ಕಣಜದ ಹತ್ರ ನಿಲ್ಲಿಸ್ಕೊಂಡು, ಈ ಸಲ ಮನೆಗೆ ಇಷ್ಟು, ಬಿತ್ತನೆಗೆ ಇಷ್ಟು, ಪಾತ್ರಕ್ಕೆ ಒಂದು ಮೂಟೆ ರಾಗಿ ಮಾರ್ಲಾ ಅಂತ ಕೇಳೋರು. ಮಳೆ ಕೈ ಕೊಟ್ಟ ವರ್ಷ ಅಮ್ಮ ಬ್ಯಾಡ ಅಂದ್ರು, ಅಪ್ಪ ಆ ವರ್ಷ ಬಣ್ಣ ಹಚ್ಚಲಿಲ್ಲ, ತಾಳ ಹಿಡಿದು ಪಕ್ಕದಲ್ಲಿ ಕೂತಿದ್ರು. ಪಾತ್ರ ಮಾಡೋ ವರ್ಷ ಅಮ್ಮ ಮುಂದಿನ ಸಾಲಲ್ಲಿ ಚಾಪೆ ಮೇಲೆ ದುಪ್ಪಟಿ ಹೊದ್ಕೊಂಡು ಕೂರೋರು, ನಾನು ತೊಡೆ ಮೇಲೆ ಅರ್ಧ ನಿದ್ದೇಲಿ ಇರ್ತಿದ್ದೆ, ರಾತ್ರಿ ಎರಡು ಮೂರು ಗಂಟೆಗೆ ಕುಂತಿ ಬಂದು ಮಗನೇ ಅನ್ನೋ ಸೀನು, ನಾನು ಕಣ್ಣು ಬಿಟ್ಟು ಮೇಲೆ ನೋಡಿದ್ರೆ ಅಮ್ಮನ ತುಟಿ ಅಲ್ಲಾಡ್ತಿತ್ತು. ಒಂದಕ್ಷರ ಓದಕ್ಕೆ ಬರ್ದೋಳು ನಮ್ಮಮ್ಮ, ಕರ್ಣನ ಅಷ್ಟೂ ಪದ್ಯ ಬಾಯಲ್ಲಿ. ಮೂರು ತಿಂಗಳು ಅಮ್ಮ ರೊಟ್ಟಿ ತಟ್ತಾ ಇದ್ರೆ ಅಪ್ಪ ಪದ್ಯ ಒಪ್ಪಿಸ್ತಿದ್ದಿದ್ದು ಅವರ ಹತ್ರಾನೇ ತಾನೇ, ಎಲ್ಲಿ ತಪ್ಪುತ್ತೋ ಅಂತ ಅಪ್ಪನಿಗಿಂತ ಅಮ್ಮನಿಗೇ ಭಯ.

ಇದನ್ನ ಹಳೇ ಕಾಲ ಚೆನ್ನಾಗಿತ್ತು ಅಂತ ಹೇಳಕ್ಕೆ ಬರೀತಿಲ್ಲ, ಆ ಕಾಲದಲ್ಲೂ ಹೆಂಡ್ತಿ ಓಲೆ ಕಿತ್ಕೊಂಡು ಹೋದೋರಿದ್ರು. ಅದೇ ನಾಟಕ ಒಂದು ಮನೇಲಿ ಗಂಡ ಹೆಂಡ್ತೀನ ಹತ್ರ ತಂತು, ನಿಮ್ಮ ಮನೇಲಿ ದೂರ ಮಾಡ್ತು, ವ್ಯತ್ಯಾಸ ಕಣಜದ ಹತ್ರ ಕೇಳಿದ ಆ ಒಂದು ಮಾತಲ್ಲಿದೆ ಅಂತ ಹೇಳಕ್ಕೆ.

ಅವರು ಯಾಕೆ ಹಿಂಗೆ ಮಾಡಿದ್ರು ಅನ್ನೋದನ್ನೂ ಸ್ವಲ್ಪ ಯೋಚನೆ ಮಾಡಿ, ತಪ್ಪನ್ನ ಮುಚ್ಚಕ್ಕಲ್ಲ, ಮುಂದೆ ಮಾತಾಡಕ್ಕೆ ದಾರಿ ಬೇಕಲ್ಲ ಅದಕ್ಕೆ. ಕಾಂಟ್ರ್ಯಾಕ್ಟ್ ಕೆಲಸದೋರು ನನ್ನ ಹತ್ರ ತುಂಬಾ ಜನ ಬರ್ತಾರೆ. ಎಂಟು ಗಂಟೆ ನಿಂತೇ ಕೆಲಸ, ಪರ್ಮನೆಂಟ್‌ನೋರದ್ದು ಒಂದು ಲೆಕ್ಕ ಇವರದ್ದು ಒಂದು ಲೆಕ್ಕ, ನಾಳೆ ಬರಬೇಡ ಅಂದ್ರೆ ಮುಗೀತು. ಊರಿಗೆ ಬಂದ್ರೆ ಜಾತಿ ಬಿಟ್ಟು ಮದುವೆ ಆದೋನು ಅಂತ ಹತ್ತು ಜನ ಕೂತಿರೋ ಕಡೆ ಕರೆಯಲ್ಲ. ಇಂಥೋನಿಗೆ ಒಂದು ರಾತ್ರಿ ಕಿರೀಟ, ಭುಜಕೀರ್ತಿ, ಕೈಗೆ ಗದೆ ಕೊಟ್ಟು ಸಿಂಹಾಸನದ ಮೇಲೆ ಕೂರ್ಸಿ, ಅದೇ ಊರಿನ ಜನ ಎದ್ದು ಬಂದು ಹಾರ ಹಾಕಿ ಒನ್ಸ್ ಮೋರ್ ಅಂದ್ರೆ ಅದು ಅವನಿಗೆ ಎಷ್ಟು ದೊಡ್ಡದು ಅಂತ ನಾವು ಅರ್ಥ ಮಾಡ್ಕೋಬೇಕು. ದುರ್ಯೋಧನನೇ ಯಾಕೆ ಬೇಕಾಯ್ತು ಅಂತ ನೀವು ಅವರನ್ನ ಯಾವತ್ತಾದ್ರೂ ಕೇಳಿದೀರಾ? ಜಗಳಕ್ಕಲ್ಲ, ಸುಮ್ನೆ ಊಟ ಆದ್ಮೇಲೆ ಕೇಳಿ. ಬಹಳ ಗಂಡಸರು ಆ ಪ್ರಶ್ನೆಗೆ ಅಳ್ತಾರೆ ತಾಯಿ, ನಾನು ನೋಡಿದೀನಿ.

ಭಾನುಮತಿ ವಿಷಯ. ಸ್ತ್ರೀಪಾತ್ರ ಮಾಡೋರು ಸಾಮಾನ್ಯವಾಗಿ ವೃತ್ತಿ ಕಲಾವಿದೆಯರು, ಒಂದೋ ಎರಡೋ ಪ್ರಾಕ್ಟೀಸ್‌ಗೆ ಬಂದು, ನಾಟಕದ ರಾತ್ರಿ ಪಾತ್ರ ಮುಗಿಸಿ, ಬೆಳಗಿನ ಜಾವದ ಬಸ್ಸಿಗೆ ಇನ್ನೊಂದು ಊರಿಗೆ ಹೋಗೋರು. ಜಾತ್ರೆ ಸೀಸನ್ನಲ್ಲಿ ಅವರಿಗೆ ವಾರಕ್ಕೆ ಮೂರು ನಾಲ್ಕು ದುರ್ಯೋಧನರು. ಹಿಂದೆ ಒಂದು ಕೇಸಲ್ಲಿ ಹೆಂಡ್ತಿ ಫೋನ್ ಮಾಡಿ ಆ ಕಲಾವಿದೆಗೆ ಬಾಯಿಗೆ ಬಂದಂಗೆ ಬೈದುಬಿಟ್ಟಿದ್ರು, ಆಕೆ ನನ್ನ ಆಫೀಸಿಗೇ ಬಂದು ಫೋನ್ ತೆಗೆದು ತೋರಿಸಿದ್ರು, ನಂಬರು ಸೇವ್ ಆಗಿದ್ದಿದ್ದು "ದುರ್ಯೋಧನ ಗುಬ್ಬಿ" ಅಂತ, ಅದರ ಕೆಳಗೆ ದುರ್ಯೋಧನ ಕುಣಿಗಲ್, ದುರ್ಯೋಧನ ಶಿರಾ. ಅಕ್ಕಾ ನಂಗೆ ಆ ಅಣ್ಣನ ಹೆಸರೇ ಗೊತ್ತಿಲ್ಲ, ನಂಗೆ ಇಬ್ಬರು ಮಕ್ಕಳಿದಾರೆ ಫೀಸ್ ಕಟ್ಟಬೇಕು ಅಂದ್ರು. ಆಕೆ ಮಾಡೋದು ಕೆಲಸ, ನೀವು ಮಿಷಿನ್ ಮುಂದೆ ಕೂತು ಮಾಡೋ ಥರಾನೇ ಕೆಲಸ. ಹಂಗಂತ ಎಲ್ಲಾ ಕಡೆ ಏನೂ ಇರಲ್ಲ ಅಂತ ನಾನು ಗ್ಯಾರಂಟಿ ಕೊಡಲ್ಲ. ನೀವು ಬರೆದಿರೋದು ಒಂದು ಸ್ಟೇಟಸ್ ಫೋಟೋ, ಅಷ್ಟಕ್ಕೆ ಅನುಮಾನ ಪಡೋದು ಬೇಡ. ನಾಟಕ ಮುಗಿದ ಮೇಲೂ ರಾತ್ರಿ ಹೊತ್ತು ಕಾಲ್ ಬರ್ತಿದ್ರೆ, ನಿಮ್ಮ ಕಂಡು ಫೋನ್ ಮುಚ್ಚಿಡ್ತಿದ್ರೆ, ಆಗ ಗಂಡನ್ನೇ ನೇರ ಕೇಳಿ, ಆಕೆಗೆ ಫೋನ್ ಮಾಡಬೇಡಿ.

ಆಣೆ ಬೇಡ. ಇದನ್ನ ಗಟ್ಟಿಯಾಗಿ ಹೇಳ್ತೀನಿ. ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸಿದ ಎಷ್ಟೋ ಮನೆ ನೋಡಿದೀನಿ, ಕುಡಿತಕ್ಕೆ, ಇಸ್ಪೀಟಿಗೆ, ಒಂದೆರಡು ಸಲ ನಾಟಕಕ್ಕೂ. ಆಣೆ ಮುರಿದ ದಿನ ಮನುಷ್ಯ ಬದಲಾಗಲ್ಲ, ಮುಚ್ಚಿಡೋದು ಕಲೀತಾನೆ, ಮೊದಲು ಹೆಂಡ್ತಿಗೆ ಹೆದರಿ ಮುಚ್ಚಿಡ್ತಿದ್ದೋನು ಈಗ ದೇವರಿಗೂ ಹೆದರಿ ಮುಚ್ಚಿಡ್ತಾನೆ. ಆಮೇಲೆ ಮಗುಗೆ ಜ್ವರ ಬಂದ್ರೂ ಆಣೆ ಮುರಿದಿದ್ದಕ್ಕೇ ಬಂತು ಅಂತ ಅತ್ತೆ ಅಂತಾರೆ, ಆ ಭಾರ ನಿಮ್ಮ ಮನೇಗೆ ಬೇಡ. ಹರಕೆದು ಕೂಡ ಬಗೆಹರಿಯುತ್ತೆ. ಅವರು ಹರಕೆ ಹೊತ್ತಿದ್ದು ಜಾತ್ರೇಲಿ ಬಣ್ಣ ಹಚ್ಚಿ ಸೇವೆ ಮಾಡ್ತೀನಿ ಅಂತ ತಾನೇ, ದುರ್ಯೋಧನನೇ ಆಗ್ತೀನಿ ಅಂತ ದೇವರಿಗೆ ಹೇಳಿದಾರಾ ಕೇಳಿ. ವಿದುರನ ಪಾತ್ರ ಮಾಡಿದ್ರೂ ಹರಕೆ ತೀರುತ್ತೆ, ದುಡ್ಡೂ ಉಳಿಯುತ್ತೆ. ಪೂರ್ತಿ ಬಿಡು ಅಂತ ಹಟ ಹಿಡಿದ್ರೆ ಅಪಾಯ ಇದೆ, ಬಿಟ್ಟರೂ ಬಿಡಬಹುದು, ಆದ್ರೆ ಮರ್ಯಾದೆ ಸಿಗ್ತಿದ್ದ ಒಂದೇ ಜಾಗ ಹೋದ ಮೇಲೆ ಸಂಜೆ ಹೊತ್ತು ಅವರು ಎಲ್ಲಿ ಹೋಗಿ ಕೂರ್ತಾರೆ ಅನ್ನೋದನ್ನೂ ನೀವು ಯೋಚಿಸ್ಬೇಕು. ಪ್ರಾಕ್ಟೀಸ್ ಬಿಟ್ಟು ಬಾರ್ ಹಿಡಿದೋರು ನಂಗೆ ಗೊತ್ತು.

ಈಗ ಸರ. ಅದನ್ನ ಮಾತ್ರ ಬಿಡಬೇಡಿ. ಅಮ್ಮ ಕೊಟ್ಟಿದ್ದು ಸ್ತ್ರೀಧನ, ಅದು ಪೂರ್ತಿ ನಿಮ್ಮದು, ಗಂಡಂದಲ್ಲ, ಅತ್ತೇದಲ್ಲ, ಇಬ್ಬರದೂ ಸೇರಿ ಅಂತಾನೂ ಅಲ್ಲ. ಕಷ್ಟಕಾಲದಲ್ಲಿ ಗಂಡ ಬಳಸಿದ್ರೂ ಅದನ್ನ ವಾಪಸ್ ಕೊಡೋ ಜವಾಬ್ದಾರಿ ಅವನದೇ ಅಂತ ಸುಪ್ರೀಂ ಕೋರ್ಟ್ 2024ರಲ್ಲೂ ಮತ್ತೆ ಹೇಳಿದೆ. ಇಲ್ಲಿ ಕಷ್ಟಕಾಲ ಕೂಡ ಇರ್ಲಿಲ್ಲ. ಹೆಂಡ್ತಿ ಒಡವೇನ ಅವಳಿಗೆ ಸಿಗದಂಗೆ ಮಾಡೋದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಆರ್ಥಿಕ ದೌರ್ಜನ್ಯದ ಲೆಕ್ಕಕ್ಕೆ ಬರುತ್ತೆ. ಇದನ್ನ ನಾಳೇನೇ ಹೋಗಿ ಕಂಪ್ಲೇಂಟ್ ಕೊಡಿ ಅಂತ ಹೇಳ್ತಿಲ್ಲ, ನಿಮ್ಮ ಕಾಲ ಕೆಳಗೆ ಗಟ್ಟಿ ನೆಲ ಇದೆ ಅಂತ ಗೊತ್ತಿರ್ಲಿ ಅಂತ ಹೇಳ್ತಿದೀನಿ, ಅದು ಗೊತ್ತಿದ್ದೋರು ಕಿರುಚಲ್ಲ, ನಿಧಾನಕ್ಕೆ ಮಾತಾಡ್ತಾರೆ.

ಮೊದಲು ಅಡದ ಚೀಟಿ ಕೇಳಿ ಇಸ್ಕೊಳ್ಳಿ. ಯಾರ ಹೆಸರಲ್ಲಿದೆ, ಎಷ್ಟಕ್ಕೆ ಇಟ್ಟಿದಾರೆ, ಬಡ್ಡಿ ಎಷ್ಟು, ಗಡುವು ಯಾವಾಗ, ಈ ನಾಲ್ಕು ನೋಡಿ. ಗಿರವಿ ಅಂಗಡೀಲಿ ನೂರಕ್ಕೆ ಎರಡು ರೂಪಾಯಿ ಅಂದ್ರೆ ಕೇಳಕ್ಕೆ ಕಮ್ಮಿ ಅನ್ಸುತ್ತೆ, ಅದು ತಿಂಗಳಿಗೆ, ವರ್ಷಕ್ಕೆ 24 ಆಯ್ತು, 60 ಸಾವಿರ ತಗೊಂಡಿದ್ರೆ ತಿಂಗಳಿಗೆ ಬರೀ ಬಡ್ಡಿನೇ 1,200. ಬ್ಯಾಂಕಲ್ಲಿ ಚಿನ್ನದ ಸಾಲಕ್ಕೆ ಇದಕ್ಕಿಂತ ಎಷ್ಟೋ ಕಮ್ಮಿ ಬಡ್ಡಿ, ಸರಾನ ಅಲ್ಲಿಂದ ಬಿಡಿಸಿ ನಿಮ್ಮ ಹೆಸರಲ್ಲೇ ಬ್ಯಾಂಕಲ್ಲಿ ಇಟ್ಟು, ಅವರ ಸಂಬಳದಿಂದ ತಿಂಗಳು ತಿಂಗಳು ಕಟ್ಟೋ ಹಂಗೆ ಮಾಡಬಹುದು. ನಿಮ್ಮ ಸಂಬಳದಿಂದ ಕಟ್ಟಬೇಡಿ. ಇದು ಕಠಿಣ ಅನ್ಸಬಹುದು, ಆದ್ರೆ ಇಟ್ಟೋರೇ ಬಿಡಿಸ್ಬೇಕು, ನೀವು ಬಿಡಿಸಿಬಿಟ್ರೆ ಮುಂದಿನ ವರ್ಷ ಬೀರು ಮತ್ತೆ ತೆಗೀತಾರೆ. ಗಡುವು ಹತ್ತಿರ ಬಂದಿದ್ರೆ ಹರಾಜಿಗೆ ಹೋಗೋ ಭಯ ಇರುತ್ತೆ, ಆಗ ಮಾತ್ರ ಬಡ್ಡಿ ಕಟ್ಟಿ ಉಳಿಸ್ಕೊಳ್ಳಿ, ರಸೀದಿ ನಿಮ್ಮ ಹತ್ರ ಇಟ್ಕೊಳ್ಳಿ. ಸರ ವಾಪಸ್ ಬರೋವರೆಗೂ ಹೊಸ ಪಾತ್ರಕ್ಕೆ ಅಡ್ವಾನ್ಸ್ ಕೊಡೋ ಹಂಗಿಲ್ಲ ಅನ್ನೋದು ಒಂದೇ ಷರತ್ತು ಹಾಕಿ. ನಾಟಕ ಬಿಡು ಅನ್ನೋದಕ್ಕಿಂತ ಇದನ್ನ ಅವರು ಒಪ್ಪೋ ಸಾಧ್ಯತೆ ಜಾಸ್ತಿ, ಒಪ್ಪಿದ್ರೆ ಒಂದು ಹಾಳೇಲಿ ಬರೆದು ಇಬ್ಬರೂ ಸೈನ್ ಹಾಕಿ.

ಡೈವೋರ್ಸ್ ಕೇಳಿದೀರಿ. ಇಬ್ಬರೂ ಒಪ್ಪಿ ಬಿಡೋದಾದ್ರೆ ಹಿಂದೂ ವಿವಾಹ ಕಾಯ್ದೆ 13ಬಿ ಪ್ರಕಾರ ಮೊದಲು ಒಂದು ವರ್ಷ ಬೇರೆ ಇದ್ದಿರ್ಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಆ ಆರು ತಿಂಗಳನ್ನ ಕೋರ್ಟು ಬೇಕಾದ್ರೆ ಮಾಫಿ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರು ಒಪ್ಪದಿದ್ರೆ ಕಾರಣ ಸಾಬೀತು ಮಾಡ್ಬೇಕು, ವರ್ಷಗಟ್ಟಲೆ ಎಳೆಯುತ್ತೆ, ಹೋದ ಹೋದ ದಿನ ನಿಮ್ಮ ಹಾಜರಿ ಸಂಬಳ ಕಟ್ ಆಗುತ್ತೆ. ಹಂಗಂತ ಅದು ಮುಚ್ಚಿದ ಬಾಗಿಲಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಫ್ರೀಯಾಗಿ ಸಿಗ್ತಾರೆ, ತುಮಕೂರು ಕೋರ್ಟಲ್ಲಿ ಜಿಲ್ಲೆದಿದೆ, ತಾಲ್ಲೂಕಿಗೂ ಸಮಿತಿ ಇದೆ, 15100ಗೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ನಿಮ್ಮ ಕಾಗದದಲ್ಲಿ ಹೊಡೆತ ಬಡಿತದ ಮಾತಿಲ್ಲ, ಕುಡಿತದ ಮಾತಿಲ್ಲ, ಮಗಳ ಫೀಸ್ ಕಟ್ಟಿಲ್ಲ ಅನ್ನೋ ಮಾತಿಲ್ಲ. ನಾಚಿಕೆಯಿಂದ ಬರೀದೆ ಬಿಟ್ಟಿದ್ರೆ ಈ ಉತ್ತರ ಪೂರ್ತಿ ಬದಲಾಗುತ್ತೆ, ಕೈ ಎತ್ತಿದ್ರೆ ಕಾಯಬೇಡಿ, ಮಹಿಳಾ ಸಹಾಯವಾಣಿ 181, ತಕ್ಷಣಕ್ಕೆ 112. ನಿಮ್ಮ ಹೆಸರಲ್ಲಿ ನಿಮಗೆ ಗೊತ್ತಿಲ್ದೆ ಸಂಘದ ಸಾಲ ಇನ್ನೇನಾದ್ರೂ ತೆಗೆದಿದಾರಾ ಅದನ್ನೂ ವಿಚಾರಿಸಿ. ಅದೊಂದು ಗೊತ್ತಾದ್ರೆ ಇದು ಒಂದ್ಸಲ ಮಾಡಿದ ತಪ್ಪಾ ಅಭ್ಯಾಸಾನಾ ಅಂತ ತಿಳಿಯುತ್ತೆ, ಅಭ್ಯಾಸ ಆಗಿದ್ರೆ ನಾನು ಕೂಡ ಸ್ವಲ್ಪ ದಿನ ತವರಿಗೋ ತಂಗಿ ಮನೆಗೋ ಹೋಗಿರಿ ಅಂತೀನಿ.

ಒಂಬತ್ತು ವರ್ಷದ ಹಿಂದೆ ನಿಮ್ಮಿಬ್ಬರ ಮಧ್ಯೆ ಜಾತಕ ಇರ್ಲಿಲ್ಲ, ಮನೆಯವರಿರ್ಲಿಲ್ಲ, ಇದ್ದಿದ್ದು ಎಲ್ಲಾ ಹೇಳ್ಕೊಳ್ಳೋ ಮಾತೊಂದೇ. ಆ ಮಾತು ಎಲ್ಲಿ ನಿಂತ್ಹೋಯ್ತು ಅಂತ ನೆನಪು ಮಾಡ್ಕೊಳ್ಳಿ, ಬಹುಶಃ ನಾಟಕಕ್ಕಿಂತ ಮೊದಲೇ ನಿಂತಿದೆ. ಇಬ್ಬರದೂ ಶಿಫ್ಟು ಬೇರೆ ಬೇರೆ ಇದ್ರೆ, ಒಬ್ಬರು ಬಂದಾಗ ಇನ್ನೊಬ್ಬರು ಮಲಗಿರ್ತಾರೆ, ಇಂಥ ಮನೆಗಳಲ್ಲಿ ಇದು ಸದ್ದೇ ಇಲ್ದೆ ಆಗುತ್ತೆ.

ಅವರಿಗೆ ವಾರದ ರಜ ಯಾವತ್ತು ಅಂತ ತಿಳಿಸಿ, ಇಬ್ಬರೂ ಬನ್ನಿ, ಮಗಳನ್ನೂ ಕರ್ಕೊಂಡು ಬನ್ನಿ, ಹೊರಗಡೆ ಕೂತು ಚಿತ್ರ ಬರೀತಾಳೆ. ಕೌನ್ಸೆಲಿಂಗ್ ಅಂದ್ರೆ ಗಂಡಸರು ಬರಲ್ಲ, ಅದಕ್ಕೆ ನಾಟಕದ ವಿಷಯ ಮಾತಾಡಬೇಕಂತೆ, ಕರ್ಣನ ಪಾತ್ರ ಮಾಡ್ತಿದ್ದೋರ ಮಗಳಂತೆ ಅಂತ ಹೇಳಿ. ಬರೋವಾಗ ಅಡದ ಚೀಟಿ ಮರೀಬೇಡಿ.